ಗೌರಿಯ ಉದ್ದ ತೋಳಿನ ಅಂಗಿ

ಈ ಸೋಮವಾರ ಬೆಳಿಗ್ಗೆ ಹಳ್ಳಿಮೈಸೂರಿನ ನಿಂಗಮ್ಮ ನಮ್ಮ ಜಗಲಿಯ ಮೇಲೆ ಕೂತು, "ಎಲ್ಲಿ ಕಣವ್ವಾ, ಮಗೀನ ತೋಳು ತೋರ್ಸು, ನೋಡಾನ" ಅಂದಳು.

ನಾನು ಮಗಳು ಗೌರಿಯನ್ನು ಸೆರಗಿನೊಳಕ್ಕೆ ಎಳೆದುಕೊಂಡೆ.

ಅಂಥ ಬಿಸಿಲಲ್ಲೂ ಗೌರಿಗೆ ಉದ್ದ ತೋಳಿನ ಅಂಗಿ ಹಾಕಿದ್ದೆ. ಹದಿನೈದು ದಿನದಿಂದ ಅದೇ. ಒಂದನ್ನು ಒಗೆದರೆ ಇನ್ನೊಂದು.

ಯಾಕೆ ಅಂತ ಹೇಳುತ್ತೇನೆ...

ನಮ್ಮವರು ಹೊಳೆನರಸೀಪುರ ತಾಲ್ಲೂಕಿನ ವ್ಯಾಕ್ಸಿನೇಟರು ಅಂತ, ಗೆಳತಿಯರೇ, ನಿಮಗೆಲ್ಲ ಗೊತ್ತು. ಹದಿನಾಲ್ಕು ವರ್ಷದಿಂದ ಊರೂರು ತಿರುಗಿ, ಸಿಡುಬು ಬರದ ಹಾಗೆ ಮಕ್ಕಳಿಗೆ ದೇವಿ ಹಾಕುತ್ತಾರೆ. ಯುದ್ಧದ ದೆಸೆಯಿಂದ ಸೈಕಲ್ಲಿಗೆ ಟೈರು ಸಿಗದ ಮೇಲೆ ನಡೆದೇ ಹೋಗುತ್ತಾರೆ.

ಈ ಸಲ ಮಹಾರಾಜರ ದರ್ಬಾರಿನಲ್ಲಿ ಕೊಡುವ ರಾಜಸೇವೆಯ ಪದಕಕ್ಕೆ ತಾಲ್ಲೂಕಿಗೊಬ್ಬ ಸರ್ಕಾರಿ ನೌಕರನ ಹೆಸರು ಕಳಿಸಿ ಅಂತ ಹಾಸನದಿಂದ ಆರ್ಡರು ಬಂತು. ಅರಕಲಗೂಡಿನಿಂದ ಶಿರಸ್ತೇದಾರರ ಹೆಸರು ಹೋಯಿತಂತೆ, ಚನ್ನರಾಯಪಟ್ಟಣದಿಂದ ಒಬ್ಬ ಹೆಡ್‌ಮಾಸ್ಟರದ್ದು. ನಮ್ಮ ಅಮಲ್ದಾರರು ನಮ್ಮವರ ಹೆಸರು ಬರೆದರು.

ದೇವಿ ಹಾಕಿಸಿಕೊಳ್ಳದ ಒಂದು ಕೂಸೂ ಈ ತಾಲ್ಲೂಕಿನಲ್ಲಿ ಉಳಿದಿಲ್ಲ ಅಂತ ಶಿಫಾರಸಿನಲ್ಲಿತ್ತು. ಅದನ್ನು ಓದಿ ಹೇಳುವಾಗ ಇವರು ನನ್ನ ಮುಖ ನೋಡಲಿಲ್ಲ. ನಾನೂ ಇವರ ಮುಖ ನೋಡಲಿಲ್ಲ.

ಒಂದು ಕೂಸು ಉಳಿದಿತ್ತು. ಅದು ನನ್ನ ಮಡಿಲಲ್ಲೇ ಇತ್ತು.

ಮೊದಲನೆಯವನಿಗೆ ಇವರೇ ದೇವಿ ಹಾಕಿದ್ದರು. ಒಂಬತ್ತನೇ ದಿನ ಜ್ವರ ಬಂತು, ಹನ್ನೆರಡನೇ ದಿನ ಮಗು ಹೋಯಿತು. ಇದು ಬೇರೆ ಜ್ವರ ಕಣಮ್ಮ, ದೇವಿಗೂ ಇದಕ್ಕೂ ಸಂಬಂಧವಿಲ್ಲ ಅಂದರು ಡಾಕ್ಟರು.

ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು, ನನಗೆ ಅರ್ಥವಾಯಿತು. ಅರ್ಥವಾದರೆ ಹೆದರಿಕೆ ಹೋಗಿಬಿಡುತ್ತದೆಯೇ...

ಗೌರಿಗೆ ಆರು ತಿಂಗಳು ತುಂಬಿದಾಗ ಇವರು ಸೂಜಿ ಕಾಯಿಸಿಕೊಂಡು ಕೂತರು. ಮಗುವಿನ ತೋಳಿಗೆ ತಾಗಿಸದೆ ಮತ್ತೆ ಮತ್ತೆ ಕಾಯಿಸಿದರು. ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಇವರು ತಡೆಯಲಿಲ್ಲ.

ಸಾಯಂಕಾಲ ರಿಜಿಸ್ಟರು ತೆಗೆದು ಗೌರಿಯ ಹೆಸರಿನ ಮುಂದೆ 'ಹಾಕಿದೆ' ಅಂತ ಬರೆದರು. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಹೆಸರು ಹಾಸನಕ್ಕೆ ಹೋದ ಮೇಲೆ ಗೊತ್ತಾಯಿತು, ಡಾಕ್ಟರೊಬ್ಬರು ಬಂದು ಮಕ್ಕಳ ತೋಳು ನೋಡುತ್ತಾರಂತೆ. ರಿಜಿಸ್ಟರಿನಲ್ಲಿ ಸುಳ್ಳು ಸಿಕ್ಕರೆ ಪದಕ ಹಾಗಿರಲಿ, ಕೆಲಸವೇ ಹೋಗುತ್ತದೆ. ಉಪಕಾರವಾಗಿದೆ ಅಂತ ಹಳ್ಳಿಯವರು ಹೆಬ್ಬೆಟ್ಟು ಒತ್ತಿದ ಕಾಗದವೂ ಬೇಕಂತೆ. ನಿಂಗಮ್ಮ ಬಂದದ್ದು ಆ ಕಾಗದಕ್ಕೆ.

ಹೋದ ವರ್ಷ ಇವಳು ಮೊಮ್ಮಗನನ್ನು ರಾಗಿ ತುಂಬುವ ವಾಡೆಯೊಳಗೆ ಬಚ್ಚಿಟ್ಟಿದ್ದಳು. ಇವರು ಅರ್ಧ ದಿನ ಅವಳ ಬಾಗಿಲಲ್ಲಿ ಕೂತು, ನನ್ನ ಮಗಳಿಗೂ ಹಾಕಿದೀನಿ ಕಣಜ್ಜಿ ಅಂದ ಮೇಲೇ ಅವಳು ಅವನನ್ನು ಹೊರಗೆ ತಂದದ್ದು.

"ನಿನ್ ಗಂಡ ಅಂಗಂದಿದ್ಕೇ ಕಣವ್ವ ನಾನು ಒಪ್ಕಂಡಿದ್ದು. ನಮ್ ಮಗೀಗೆ ಮೂರು ಮಚ್ಚೆ ಆಗವೆ. ನಿನ್ ಮಗೀಂದು ಎಂಗೈತೆ ಅಂತ ನೋಡ್ಕಂಡೇ ಓಗಾನ ಅಂತ."

ಮಗುವಿಗೆ ನೆಗಡಿ ಅಜ್ಜಿ, ಆಮೇಲೆ ನೋಡುವಿರಂತೆ ಅಂದೆ.

"ಈ ಬಿಸ್ಲಾಗೆ ಇಂಗ್ ಸುತ್ತಿಟ್ರೆ ನೆಗಡಿ ಆಗ್ದೆ ಇನ್ನೇನಾದಾತು" ಅಂತ ನಗುತ್ತ ಅವಳೇ ಅಂಗಿಯ ಎರಡೂ ತೋಳನ್ನು ಮೇಲಕ್ಕೆ ಸರಿಸಿದಳು.

ನುಣುಪು ತೋಳುಗಳು. ಒಂದು ಸೊಳ್ಳೆ ಕಚ್ಚಿದ ಗುರುತು, ಅಷ್ಟೇ.

ಪಕ್ಕದ ಮನೆಯಲ್ಲೇ ತಾಲ್ಲೂಕು ಕಚೇರಿಯ ಗುಮಾಸ್ತರಿದ್ದಾರೆ. ಈಗ ಕೂಗುತ್ತಾಳೆ, ಈಗ ಬೀದಿಯೆಲ್ಲ ಸೇರುತ್ತದೆ ಅಂತ ಕಾಯುತ್ತ ನಿಂತಿದ್ದೇನೆ. ನಿಂಗಮ್ಮ ನೋಡುತ್ತಲೇ ಇದ್ದಾಳೆ.

ಆಮೇಲೆ ಅವಳೇ ತೋಳು ಕೆಳಗೆಳೆದು, ಗುಂಡಿ ಹಾಕಿದಳು.

"ನಾನು ವಾಡೇಲಿ ಬಚ್ಚಿಟ್ಟೆ, ನೀನು ಅಂಗೀಲಿ ಬಚ್ಚಿಟ್ಟೆ. ಕಾಲೇಜು ಓದ್ದೋಳು ಬ್ಯಾರೆ" ಅಂದಳು, ದನಿ ಏರಿಸದೆ. "ಕಟ್ಟಾಯದ ಕಡೆ ಸಿಡುಬು ಬಂದೈತೆ ಕಣವ್ವ. ಎಲ್ಡು ಕೂಸು ಉಳೀಲಿಲ್ಲ. ಎಬ್ಬೆಟ್ಟು ಆಮೇಕೆ ಒತ್ತೀನಿ, ಮದ್ಲು ಇದ್ರ ತೋಳು ನೋಡು."

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಎಲೆ ಹಾಕಲಿಲ್ಲ. ರಿಜಿಸ್ಟರು ತಂದು ಮುಂದಿಟ್ಟು, ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೂಜಿ ಕಾಯಿಸಿ ಅಂದೆ.

"ಪದಕಕ್ಕೋಸ್ಕರವೇನೇ?" ಅಂದರು.

ನಿಂಗಮ್ಮ ಬಂದದ್ದು ಹೇಳಿದೆ, ಕಟ್ಟಾಯದ್ದೂ ಹೇಳಿದೆ. ಇವರು ಎದ್ದು ಕೈ ತೊಳೆದುಕೊಂಡು ಬಂದರು.

ತೋಳು ಹಿಡಿದುಕೊಂಡವಳು ನಾನೇ. ಗೌರಿ ಕಿರುಚಿದಳು. ನಾನು ಕಣ್ಣು ಮುಚ್ಚಲಿಲ್ಲ.

ಹಳೆಯ 'ಹಾಕಿದೆ'ಯನ್ನು ಇವರು ಹೊಡೆದುಹಾಕಿ ಸೋಮವಾರದ ತಾರೀಕು ಬರೆದರು. ಊಟ ಮಾಡದೆ ರಿಜಿಸ್ಟರನ್ನು ಅಮಲ್ದಾರರ ಮುಂದೆ ಇಟ್ಟು ಎಲ್ಲ ಹೇಳಿ ಬಂದರು. ಅಮಲ್ದಾರರು, ಇದು ಇಲ್ಲಿರಲಿ ನೀವು ಹೋಗಿ ಅಂದರಂತೆ. ಅಷ್ಟೇ. ಹೆಸರು ವಾಪಸು ತರಿಸುತ್ತಾರೋ, ಕೆಲಸದಿಂದಲೇ ತೆಗೆಯುತ್ತಾರೋ... ಬೀದಿಯಲ್ಲಿ ಕಚೇರಿ ಜವಾನನ ಚಪ್ಪಲಿ ಸದ್ದಾದರೆ ಬಾಗಿಲಿಗೆ ಓಡುತ್ತೇನೆ.

ನಿನ್ನೆ ನಿಂಗಮ್ಮ ಮತ್ತೆ ಬಂದಿದ್ದಳು. ತೋಳು ನೋಡಿ, "ಕೆರ್ಕಳಾಕೆ ಬಿಡ್ಬ್ಯಾಡ" ಅಂದು, "ಎಲ್ಲಿ ಆ ಕಾಗ್ದ" ಅಂದಳು. ಅದು ಇನ್ನು ಬೇಕಾಗುವುದಿಲ್ಲ ಅಜ್ಜಿ ಅಂದೆ. ಕಪ್ಪು ಶಾಯಿಗೆ ಅಂತ ತಯಾರಾಗಿದ್ದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಇವತ್ತು ಐದನೇ ದಿನ. ಎರಡು ಗುಳ್ಳೆ ಎದ್ದಿವೆ. ಗೌರಿ ತೋಳಿಲ್ಲದ ಅಂಗಿ ಹಾಕಿಕೊಂಡು ನೆಲದ ಮೇಲೆ ಆಡುತ್ತಿದ್ದಾಳೆ. ಗಳಿಗೆಗೊಮ್ಮೆ ಹಣೆ ಮುಟ್ಟುತ್ತೇನೆ. ಬಿಸಿ ಇರುವುದು ಅವಳ ಹಣೆಯೋ, ನಿದ್ದೆಗೆಟ್ಟ ನನ್ನ ಕೈಯೋ ತಿಳಿಯುವುದಿಲ್ಲ.

ಮಂಗಳವಾರಕ್ಕೆ ಒಂಬತ್ತನೇ ದಿನ... ನಿಮ್ಮ ಮಕ್ಕಳಿಗೆ ಹಾಕಿಸಿದಾಗ ಎಷ್ಟನೇ ದಿನಕ್ಕೆ ಜ್ವರ ಬಿಟ್ಟಿತು, ಅಷ್ಟರೊಳಗೆ ಯಾರಾದರೂ ಒಂದು ಸಾಲು ಬರೆಯುತ್ತೀರಾ?