ಐದು ರೂಪಾಯಿ ಉಳಿಸಿದ ಹುಂಡಿ

ನಿಜಾಮರ ಫಸಲಿ ಸನ್ನು ೧೩೨೦, ಅಂದರೆ ಇಂಗ್ಲಿಷ್ ೧೯೧೦ರ ಸುಮಾರಿಗೆ ನಾನು ಬೀದರಿನ ಗಂಜ್ ಪೇಟೆಯಲ್ಲಿ ಗುರುಪಾದಪ್ಪ ಸಾಹುಕಾರರ ಸರಾಫಿ ಅಂಗಡಿಯಲ್ಲಿ ಮುನೀಮನಾಗಿದ್ದೆ. ಔರಾದಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ಮೋಡಿ ಅಕ್ಷರವನ್ನೂ ಒಂದಿಷ್ಟು ಉರ್ದುವನ್ನೂ ಕಲಿತು, ಹದಿನೆಂಟನೆಯ ವಯಸ್ಸಿಗೆ ಆ ಗಾದಿಯ ಅಂಚಿನಲ್ಲಿ ಕೂತವನು. ಆಗ ಇಪ್ಪತ್ತಾರು ನಡೆಯುತ್ತಿತ್ತು. ಸಾಹುಕಾರರಿಗಿಂತ ಬೇಗ ಬಾಯಿಲೆಕ್ಕ ಮಾಡುತ್ತೇನೆಂಬ ಸೊಕ್ಕೂ ಇತ್ತು. ನನ್ನ ಹೆಂಡತಿ ನೀಲವ್ವ ತೀರಿಕೊಂಡು ಈಗ ಐದು ತಿಂಗಳು. ಮನೆಯಲ್ಲಿ ಮಾತಾಡುವವರು ಇಲ್ಲವಾದ ಮೇಲೆ ಆ ಕಾಲದ ಒಂದು ಪ್ರಕರಣ ಮತ್ತೆ ಮತ್ತೆ ಎದುರಿಗೆ ಬಂದು ಕೂಡುತ್ತದೆ. ಅದಕ್ಕೂ ಆಕೆಯ ಸಾವಿಗೂ ಸಂಬಂಧವಿಲ್ಲ. ಆಕೆ ಬದುಕಿದ ರೀತಿಗೆ ಇದೆ.

ನಮ್ಮ ಕಸುಬನ್ನು ಮೊದಲು ಹೇಳಬೇಕು. ನಿಜಾಮರ ಸೀಮೆಯೊಳಗೆ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ಸೀಮೆ ದಾಟಿದರೆ ಇಂಗ್ಲಿಷರ ಕಲ್ದಾರ ರೂಪಾಯಿ. ಗುಲಬರ್ಗಾದಲ್ಲಿ ಮುಂಬಯಿ ರೈಲು ಹತ್ತಬೇಕಾದರೂ ಕಲ್ದಾರವೇ ಬೇಕು. ನೂರು ಕಲ್ದಾರಕ್ಕೆ ನೂರ ಹದಿನಾರೋ ಹದಿನೇಳೋ ಹಾಲಿ ಕೊಡಬೇಕಾಗುತ್ತಿತ್ತು. ಮೇಲಿನ ಆ ಹದಿನಾರು ಹದಿನೇಳೇ ಬಟ್ಟಾ. ಹತ್ತಿಯ ಸುಗ್ಗಿಯಲ್ಲಿ ಅದು ಇಳಿಯುತ್ತಿತ್ತು, ಬೇಸಿಗೆಯಲ್ಲಿ ಏರುತ್ತಿತ್ತು. ಪರಸೀಮೆಗೆ ಹೋಗುವವರಿಗೆ ಯಾವ ರೀತಿಯಲ್ಲಿ ಹಣ ಒಯ್ದರೆ ಕಡಿಮೆ ಸವೆಯುತ್ತದೆ ಎಂದು ಹೇಳುವುದು ನನ್ನ ಕೆಲಸ. ಬೆಳ್ಳಿಯನ್ನೇ ಹೊತ್ತು ಹೋದರೆ ಭಾರ, ಕಳ್ಳರ ಭಯ. ಹುಂಡಿ ಒಯ್ದರೆ ಒಂದು ಚೀಟಿ ಅಷ್ಟೆ: ಇಲ್ಲಿ ನಮ್ಮಲ್ಲಿ ಹಾಲಿ ಕಟ್ಟಿ, ಮುಂಬಯಿಯ ಪೇಢಿಯಲ್ಲಿ, ಅಂದರೆ ಅಲ್ಲಿಯ ಸಾಹುಕಾರರ ಗಾದಿಯಲ್ಲಿ, ಕಲ್ದಾರ ಎಣಿಸಿಕೊಳ್ಳುವುದು. ಹುಂಡಿಯಲ್ಲೂ ಎರಡು ಬಗೆ. ದರ್ಶನಿ ಹುಂಡಿಗೆ ತೋರಿಸಿದ ಕೂಡಲೇ ಹಣ. ಮುದ್ದತಿ ಹುಂಡಿಗೆ ಬರೆದಷ್ಟು ದಿನ ಕಳೆದ ಮೇಲೆ ಹಣ. ಕಾಯಬೇಕಾದ್ದರಿಂದ ಮುದ್ದತಿಯದು ಸ್ವಲ್ಪ ಅಗ್ಗ.

ಆ ವರ್ಷ ರಮಜಾನ್ ಈದ್ ಮುಗಿದ ಮೇಲೆ ಭಾಲ್ಕಿಯ ಇಸ್ಮಾಯಿಲ್ ಚಾಚಾ ಹೆಂಡತಿ ಚಾಂದಬಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ಚಾಚಾ ಕಲಾಯಿಗಾರ. ಭಾಲ್ಕಿಯಿಂದ ಠಾಣಾ ಕುಶನೂರಿನವರೆಗೆ ತಾಮ್ರದ ಪಾತ್ರೆ ಇರುವ ಮನೆಯವರೆಲ್ಲ ಅವರ ಗಿರಾಕಿಗಳೇ. ತಿದಿ ಒತ್ತುವುದು ಚಾಂದಬಿ, ನವಸಾಗರ ಹಾಕಿ ತವರ ಉಜ್ಜುವುದು ಚಾಚಾ. ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷದಿಂದ ಸಾಹುಕಾರರ ಹತ್ತಿರ ಜಮಾ ಮಾಡುತ್ತ ಬಂದ ಹಣ ಐನೂರ ತೊಂಬತ್ತು ಹಾಲಿಯಾಗಿತ್ತು. ಇಬ್ಬರೂ ಹಜ್ಜಿಗೆ ಹೊರಟಿದ್ದರು.

"ಮುನೀಮಸಾಬ, ನಮ್ ರೊಕ್ಕಾ ಎಲ್ಲೂ ಸವೀಬಾರ್ದು ನೋಡ್ರಿ. ಈಕಿ ಉಪಾಸ ಇದ್ದು ಕೂಡ್ಸಿದ್ದು," ಎಂದರು ಚಾಚಾ.

"ಉಪಾಸ ನಾ ಇದ್ದೆ, ಲೆಕ್ಕಾ ನೀವ್ ಹೇಳ್ರಿ ಇನ್ನ," ಎಂದಳು ಚಾಂದಬಿ. "ಬೀಡಿ ಬಿಟ್ಟಿದ್ರ ಹೋದ ವರ್ಷನೇ ಹೋಗ್ತಿದ್ವಿ."

ಐನೂರು ಕಲ್ದಾರದ ದರ್ಶನಿ ಹುಂಡಿಗೆ ಐನೂರ ಎಂಬತ್ತೈದು ಹಾಲಿ ಆಗುತ್ತಿತ್ತು. ಇಪ್ಪತ್ತೊಂದು ದಿನದ ಮುದ್ದತಿಗೆ ಐನೂರ ಎಂಬತ್ತು. ಹಡಗು ಹೊರಡುವ ತಾರೀಖನ್ನು ಮುಂಬಯಿಗೆ ಕಾಗದ ಹಾಕಿಸಿ ತಿಳಿದುಕೊಂಡಿದ್ದರು. ನಾನು ಬೆರಳು ಮಡಚಿ ನೋಡಿದೆ. ಹಡಗಿಗೆ ಎರಡು ದಿನ ಮುಂಚೆ ಮುದ್ದತಿ ತುಂಬುತ್ತದೆ. ಅದಕ್ಕೂ ಮೊದಲು ಹಣ ಕೈಗೆ ಬಂದು ಮಾಡುವುದೇನು? ಮುದ್ದತಿಯನ್ನೇ ಬರೆದೆ. ಐದು ರೂಪಾಯಿ ಉಳಿಯಿತೆಂದು ಹೇಳಿದಾಗ ಚಾಚಾ ನನ್ನ ಎರಡೂ ಕೈ ಹಿಡಿದುಕೊಂಡರು. ಮರುದಿನ ನಮ್ಮ ಮನೆಯ ಅಂಗಳದಲ್ಲಿ ಕುಲುಮೆ ಹೂಡಿ, ನೀಲವ್ವ ಬೇಡಬೇಡವೆಂದರೂ ಕೇಳದೆ, ಕೊಡ ಹಂಡೆ ತಪ್ಪಲೆಗಳಿಗೆಲ್ಲ ಬಿಟ್ಟಿ ಕಲಾಯಿ ಮಾಡಿಕೊಟ್ಟು ಹೋದರು.

ಹತ್ತಿ ಅಡತಿಯಿಂದ ಬರಬೇಕಿದ್ದ ಸಾಹುಕಾರರ ಬಾಕಿ ವಸೂಲಿಗೆ ನಾನೂ ಮುಂಬಯಿಗೆ ಹೋಗಬೇಕಿತ್ತು. ಮೂವರೂ ಗಾಡಿಯಲ್ಲಿ ಗುಲಬರ್ಗಾಕ್ಕೆ ಹೋಗಿ ರೈಲು ಹತ್ತಿದೆವು. ಅವರು ಹಜ್ ಯಾತ್ರಿಕರು ತಂಗುವ ಮುಸಾಫಿರಖಾನೆಯಲ್ಲಿ ಇಳಿದರು. ನಾನು ನಮ್ಮ ಕಡೆಯ ವ್ಯಾಪಾರಿಯೊಬ್ಬರ ಮಳಿಗೆಯಲ್ಲಿ ಉಳಿದೆ. ಮುದ್ದತಿ ತುಂಬುವ ಹೊತ್ತಿಗೆ ನನ್ನ ವಸೂಲಿ ಮುಗಿದು, ಸಾಹುಕಾರರ ಎಂಟುನೂರು ಕಲ್ದಾರ ನನ್ನ ಹಮ್ಮೀಣಿಯಲ್ಲಿತ್ತು. ಹಮ್ಮೀಣಿ ಎಂದರೆ ಅಂಗಿಯ ಒಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ರೊಕ್ಕದ ಚೀಲ.

ಆ ದಿನ ಮೂವರೂ ಪೇಢಿಗೆ ಹೋದೆವು. ಗುಮಾಸ್ತ ಹುಂಡಿಯನ್ನು ಹಿಂದೆ ಮುಂದೆ ನೋಡಿ, ಸಾಚಾ ಇದೆ, ಮೂರು ದಿನ ಬಿಟ್ಟು ಬನ್ನಿ ಎಂದ. ಮುಂಬಯಿಯಲ್ಲಿ ಮುದ್ದತಿ ತುಂಬಿದ ಮೇಲೂ ಮೂರು ದಿನದ ಸವಲತ್ತು ಪೇಢಿಗೆ ಇತ್ತು. ಅದು ಅಲ್ಲಿಯ ರಿವಾಜು. ನಮ್ಮ ಗಂಜಿನಲ್ಲಿ ಹಾಗಲ್ಲ. ಮುದ್ದತಿಯ ದಿನ ಹೊತ್ತು ಮುಳುಗುವುದರೊಳಗೆ ಹಣ ಎಣಿಸದಿದ್ದರೆ ಆ ಅಂಗಡಿ ದಿವಾಳಿ ಎಂದು ಸಂಜೆಗೇ ಸುದ್ದಿ ಹಬ್ಬುತ್ತಿತ್ತು. ಒಂದು ತಾಸು ತಡಮಾಡುವುದೂ ಮಾನಹೋಗುವ ಮಾತು. ಹಾಗಾಗಿ ಸವಲತ್ತಿನ ದಿನ ಎಂಬುದೊಂದು ಇದೆಯೆಂದು ಕಿವಿಯ ಮೇಲೆ ಬಿದ್ದಿದ್ದರೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಗಂಜಿನ ಮಾನ ಲೋಕಕ್ಕೆಲ್ಲ ಇರುತ್ತದೆಂದು ತಿಳಿದಿದ್ದೆ. ಗುಮಾಸ್ತ ಹೇಳಿದ ದಿನ ಹಡಗು ಹೊರಟ ಮರುದಿನವಾಗುತ್ತಿತ್ತು. ಹಜ್ಜಿಗೆ ಸರಿಯಾಗಿ ಮುಟ್ಟಿಸುವ ಹಡಗುಗಳಲ್ಲಿ ಅದೇ ಕೊನೆಯದು.

ಕೈ ಮುಗಿದು ಕೇಳಿದೆ. ಆತ ಬೇರೆ ಗಿರಾಕಿಯ ಕಡೆ ತಿರುಗಿದ. ಸಾಹುಕಾರರಿಗೆ ತಂತಿ ಕೊಟ್ಟೆ. ಜವಾಬು ಬರಲಿಲ್ಲ. ಅವರು ಔರಾದಿಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು.

ಮರುದಿನ ಮುಸಾಫಿರಖಾನೆಯ ಪಡಸಾಲೆಯಲ್ಲಿ ಕೂತಿದ್ದೆವು. ಸುತ್ತಲೂ ಜನ ಗಂಟು ಕಟ್ಟುತ್ತಿದ್ದರು. ಚಾಂದಬಿ ನನ್ನ ಸೊಂಟದ ಕಡೆ ನೋಡಿದಳು.

"ಮುನೀಮಸಾಬ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಹತ್ರ ರೊಕ್ಕಾ ಅದ ಅಲ್ಲ, ಅದು ಯಾರ್ದು?"

"ಸಾಹುಕಾರರ್ದು ಚಾಚಿ."

"ಈ ಚೀಟಿ ಬರ್ದಾವ್ರು?"

"ಅವ್ರೇ."

ಆಕೆ ಹುಂಡಿಯನ್ನು ನನ್ನ ಕಡೆ ಸರಿಸಿದಳು. "ಎರಡು ದಿನಕ್ಕ ಈ ಚೀಟಿ ನೀವ್ ಇಟ್ಕೊಂಡು, ಅದ್ರಾಗಿಂದು ನಮಗ್..."

"ಪರರ ರೊಕ್ಕಾ ಚಾಚಿ. ಹುಕುಂ ಇಲ್ದ ಮುಟ್ಟಾಕ ಬರಂಗಿಲ್ಲ."

ಈ ಮಾತನ್ನು ಹೇಳುವಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಪ್ರಾಮಾಣಿಕನ ಹಾಗೆ. ಒಳಗೆ ಇದ್ದದ್ದು ಬರೀ ಅಂಜಿಕೆ. ಎಂಟುನೂರರಲ್ಲಿ ಐನೂರು ಕಡಿಮೆಯಾದರೆ ಸಾಹುಕಾರರ ಮುಂದೆ ನಿಲ್ಲುವುದು ಹೇಗೆ, ಗಾದಿಯಿಂದ ಎಬ್ಬಿಸಿಬಿಟ್ಟರೆ ಹೇಗೆ ಎಂಬುದೊಂದೇ.

ಚಾಚಾ ಹೆಂಡತಿಯನ್ನು ಗದರಿದರು. "ಸುಮ್ಮನಿರು. ಅವರ ನೌಕರಿ ಅದು. ಬುಲಾವಾ ಬಂದಿಲ್ಲ ಅಂದ್ರ ಯಾರೇನ್ ಮಾಡ್ತಾರ?" ದೇವರು ಕರೆದರೆ ಮಾತ್ರ ಹಜ್ಜಿಗೆ ಹೋಗಲಾಗುತ್ತದೆ ಎಂಬುದು ಅವರ ನಂಬಿಕೆ. ನನ್ನ ತಪ್ಪನ್ನು ಎತ್ತಿ ದೇವರ ಮೇಲೆ ಇಟ್ಟುಬಿಟ್ಟರು. ನಾನು ಅದನ್ನು ಬೇಡವೆನ್ನಲಿಲ್ಲ.

ಅಂದು ಮಧ್ಯಾಹ್ನ ಚಾಂದಬಿ ಕಾಲಿನ ಕಡಗ, ತೋಳಿನ ಬೆಳ್ಳಿ, ಕಿವಿಯ ಬಂಗಾರ ಎಲ್ಲ ಬಿಚ್ಚಿದಳು. ಮಾರಿಸಿಕೊಟ್ಟವನು ನಾನೇ. ಅಷ್ಟು ಅವಸರದಲ್ಲಿ ಮಾರುವವರಿಗೆ ಸಿಗುವ ದರವೇ ಸಿಕ್ಕಿತು. ಒಬ್ಬರು ಹೋಗಿ ಬರುವುದಕ್ಕೆ ಬಿಗಿಹಿಡಿದರೆ ಸಾಕಾಗುವಷ್ಟು. ಚಾಚಾ ಹೋಗುವುದಿಲ್ಲವೆಂದರು. ಅವರಿಬ್ಬರೇ ದಖನಿಯಲ್ಲಿ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಆಕೆ ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲಿ ಹೇಳಿದಳು:

"ಇಬ್ರೂ ಹೊಳ್ಳಿ ಹೋದ್ರ ಭಾಲ್ಕಿ ಮಂದಿ ನಗ್ತಾರ. ಒಬ್ರು ಹೋದ್ರ ಅರ್ಧ ನಗ್ತಾರ. ನೀವ್ ಹೋಗ್ರಿ. ಅಲ್ಲಿ ನನ್ನ ಹೆಸ್ರು ತಗೀರಿ, ಸಾಕು."

ಬಂದರಿನಲ್ಲಿ ಚಾಚಾ ಹಲಗೆ ಹತ್ತುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು: "ಈಕಿನ್ನ ಮನಿ ಮುಟ್ಟಸ್ರಿ." ಹಡಗು ದೂರವಾದ ಮೇಲೂ ಚಾಂದಬಿ ನಿಂತೇ ಇದ್ದಳು. ಮರುದಿನ, ಚಾಚಾ ಹೆಬ್ಬೆಟ್ಟು ಒತ್ತಿಕೊಟ್ಟಿದ್ದ ಆ ಹುಂಡಿಯನ್ನು ಹಿಡಿದು ಪೇಢಿಗೆ ಹೋದೆ. ಗುಮಾಸ್ತ ಐನೂರು ಕಲ್ದಾರವನ್ನು ಒಂದೂ ಕಡಿಮೆಯಿಲ್ಲದೆ ಎಣಿಸಿಕೊಟ್ಟ. ಆಕೆಯ ಸೆರಗಿಗೆ ಹಾಕಿದಾಗ, "ಭಾಳ ಭಾರ ಅದ ರೀ," ಎಂದಳು. ಅಷ್ಟೆ.

ರೈಲಿನಲ್ಲಿ, ಆಮೇಲೆ ಗಾಡಿಯಲ್ಲಿ, ಆಕೆ ನನ್ನನ್ನು ಒಂದು ಸಲವೂ ದೂರಲಿಲ್ಲ. ಉಂಡಿರೇನು ಎಂದು ಕೇಳುತ್ತಿದ್ದಳು. ಕಡಗವಿಲ್ಲದ ಕಾಲಿನಲ್ಲಿ ಬಿಳಿಯ ಗುರುತು ಬಿದ್ದಿತ್ತು. ಬೇರೆ ಕಡೆ ನೋಡಲು ಗಾಡಿಯಲ್ಲಿ ಜಾಗ ಇರಲಿಲ್ಲ. ಹುಮನಾಬಾದಿನಲ್ಲಿ ಗಾಡಿಯವನು "ಎಲ್ಲಿಗ್ ಹೋಗಿದ್ರಿ ಚಾಚಿ?" ಎಂದಾಗ, "ಹಜ್ಜಿಗೆ ಕಳಿಸಾಕ," ಎಂದಳು.

ಬೀದರಿಗೆ ಬಂದವನೇ ಸಾಹುಕಾರರ ಮುಂದೆ ಎಂಟುನೂರು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಶಹಬ್ಬಾಸ್ ಎನ್ನುತ್ತಾರೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇರಲಿಲ್ಲವೆಂದರೆ ಸುಳ್ಳಾದೀತು. ಅವರು ಹಣ ಮುಟ್ಟಲಿಲ್ಲ.

"ಕಾಶಪ್ಪ, ಹುಂಡಿ ಯಾರ್ದು?"

"ನಮ್ದೇರಿ."

"ನಿನ್ ಸೊಂಟದಾಗಿನ ರೊಕ್ಕಾ ಯಾರ್ದು?"

"ನಮ್ದೇರಿ."

"ನಮ್ಮ ಮಾತಿಗಿ ನಮ್ಮ ರೊಕ್ಕಾ ಕೊಡಾಕ ಯಾರ ಹುಕುಂ ಬೇಕಿತ್ತೋ ಹುಚ್ಚಾ? ಆ ಚೀಟಿ ಮ್ಯಾಲ ನನ್ನ ಹೆಸ್ರಿತ್ತಲ್ಲ, ಅದಕಿಂತ ದೊಡ್ಡ ಹುಕುಂ ಏನದ?"

ಬೈಯಲಿಲ್ಲ, ನೌಕರಿಯಿಂದ ತೆಗೆಯಲೂ ಇಲ್ಲ. ತೆಗೆದಿದ್ದರೆ ಹಗುರಾಗುತ್ತಿದ್ದೆ. ಹುಂಡಿಯ ಒಳಹೊರಗು ಬಲ್ಲೆನೆಂದು ಮೆರೆದವನಿಗೆ ಹುಂಡಿ ಎಂದರೆ ಕೊಟ್ಟ ಮಾತು ಎಂಬುದೇ ಹೊಳೆದಿರಲಿಲ್ಲ.

ಮನೆಗೆ ಬಂದು ನೀಲವ್ವನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. "ಆಕಿನ್ನ ಹೊಳ್ಳಿ ಕರ್ಕೊಂಡ್ ಬಂದ್ರಿ?" ಎಂದಳು. ಆಮೇಲೆ ಮತ್ತೆ ಬಡಿಯತೊಡಗಿದಳು.

ಇಸ್ಮಾಯಿಲ್ ಚಾಚಾ ಹಾಜಿಯಾಗಿ ತಿರುಗಿ ಬಂದರು. ನಮಗೂ ಖರ್ಜೂರ ತಂದುಕೊಟ್ಟರು. ಮುಂದಿನ ವರ್ಷ ಚಾಂದಬಿಯನ್ನು ಕರೆದೊಯ್ಯುವೆನೆಂದು ಹೇಳುತ್ತಿದ್ದರು. ಆ ಮಳೆಗಾಲದಲ್ಲಿ ಜ್ವರದಿಂದ ಹೋದರು. ಖರ್ಚು ನಾನು ಕೊಡುತ್ತೇನೆ, ಹೋಗಿ ಬನ್ನಿ ಎಂದು ಭಾಲ್ಕಿಗೆ ಹೋಗಿ ಚಾಂದಬಿಯನ್ನು ಕೇಳಿದೆ. ಹಜ್ಜಿಗೆ ಹೆಣ್ಣುಮಗಳು ಗಂಡನೋ ಅಣ್ಣ ತಮ್ಮಂದಿರೋ ಮಗನೋ ಜೊತೆಗಿಲ್ಲದೆ ಹೋಗುವಂತಿಲ್ಲ, ತನಗೆ ಯಾರಿದ್ದಾರೆ ಎಂದಳು. ರೊಕ್ಕದಿಂದ ತೀರಿಸುವ ದಾರಿ ಅಲ್ಲಿಗೆ ಮುಚ್ಚಿತು.

ನೀಲವ್ವನಿಗೆ ಶ್ರೀಶೈಲ ನೋಡುವ ಹಂಬಲ ಮದುವೆಯಾದಾಗಿನಿಂದ ಇತ್ತು. ಅದೂ ಕಲ್ದಾರದ ಸೀಮೆಯೇ. ನನ್ನ ಕೈಯಲ್ಲಿ ನಾಲ್ಕು ದುಡ್ಡು ನಿಂತ ಮೇಲೆ, ನಡಿ ಹೋಗೋಣ ಎಂದೆ. "ಚಾಂದಬಿ ಹೋಗಿ ಬರ್ಲಿ, ಆಮ್ಯಾಲ ನಾ ಬರ್ತೇನಿ," ಎಂದಳು. ಕುಟುಕುವ ದನಿಯಲ್ಲಲ್ಲ. ನಮ್ಮ ನೆರೆಮನೆಯ ಸರತಿ ಮೊದಲು ಎನ್ನುವ ಹಾಗೆ. ಚಾಂದಬಿ ಇನ್ನು ಹೋಗುವಂತಿಲ್ಲವೆಂದು ಆಕೆಗೆ ಗೊತ್ತಿತ್ತು. ಒಂದೆರಡು ವರ್ಷಕ್ಕೊಮ್ಮೆ ನಾನು ಕೇಳುತ್ತಿದ್ದೆ. ಅದೇ ಉತ್ತರ. ಕೊನೆಕೊನೆಗೆ ಕೇಳುವುದನ್ನು ಬಿಟ್ಟೆ.

ಆಮೇಲೆಯೂ ನಾನು ಬಹುಕಾಲ ಸರಾಫಿ ಮಾಡಿದೆ. ಯಾವುದು ಅಗ್ಗ ಎಂದು ಕೇಳಿಕೊಂಡು ಬಂದವರಿಗೆ ಯಾವತ್ತೂ ಮೊದಲು ದರ ಹೇಳಲಿಲ್ಲ. ಹಣ ಕೈಗೆ ಸಿಗದೆ ಹೋದರೆ ನಿಮ್ಮ ಯಾವ ಕೆಲಸ ಕೆಡುತ್ತದೆ ಎಂದು ಕೇಳುತ್ತಿದ್ದೆ. ಅದಕ್ಕೆ ತಕ್ಕ ಹುಂಡಿ ಬರೆಯುತ್ತಿದ್ದೆ, ಬಟ್ಟಾ ಎಷ್ಟೇ ಬೀಳಲಿ. ಆ ಕಸುಬು ಕಲಿಸಿದ್ದು ಇದೊಂದೇ. ಕಲಿಯುವ ಖರ್ಚನ್ನು ಮಾತ್ರ ಬೇರೆಯವರು ಕೊಟ್ಟರು.

ನೀಲವ್ವ ಹೋದ ಸುದ್ದಿ ಕೇಳಿ ಚಾಂದಬಿ ಭಾಲ್ಕಿಯಿಂದ ಬಂದಿದ್ದಳು. ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಕೂತು, ಬಾಯಿ ಮಗುಚಿ ಇಟ್ಟಿದ್ದ ತಪ್ಪಲೆಯನ್ನು ಎತ್ತಿ ಒಳಗೆ ಬೆರಳಾಡಿಸಿ, "ಕಲಾಯಿ ಹೋಗ್ಯಾದ್ರಿ," ಎಂದಳು. ತಪ್ಪಲೆಯನ್ನು ಇದ್ದ ಹಾಗೇ ಇಟ್ಟು ಕೇಳಿದಳು:

"ನೀಲವ್ವ ಯಾವಾಗ್ಲೂ ಶ್ರೀಶೈಲ ಶ್ರೀಶೈಲ ಅಂತಿದ್ಳು. ಹೋಗಿ ಬಂದಿದ್ಳೇನ್ರಿ?"

"ಇಲ್ಲ ಚಾಚಿ."

"ಯಾಕ್ರಿ ಮುನೀಮಸಾಬ? ದಾರಿ ಖರ್ಚಿಗಿ ಕಮ್ಮಿ ಬಿತ್ತೇನು?"

ನಿಮ್ಮ ಸರತಿ ಮೊದಲು ಎಂದು ಕಾಯುತ್ತಿದ್ದಳೆಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಆ ಭಾರವನ್ನೂ ಆಕೆಯೇ ಹೊತ್ತುಕೊಂಡು ಭಾಲ್ಕಿಗೆ ಹೋಗಬೇಕಾಗುತ್ತಿತ್ತು.

"ಹೌದು ಚಾಚಿ, ಕಮ್ಮಿ ಬಿತ್ತು," ಎಂದೆ.