ಗಂಡಸಿ ಶಾಲೆಯ ನೇರಳೆ ಮರ

ಗಂಡಸಿಯ ಶಾಲೆಯ ಅಂಗಳದಲ್ಲಿದ್ದ ನೇರಳೆ ಮರದ ಕೊಂಬೆಯೊಂದು ಭಾನುವಾರ ಮುರಿದು, ಮಕ್ಕಳು ಬಿಸಿಯೂಟಕ್ಕೆ ಕೂರುವ ಕಟ್ಟೆಯ ಮೇಲೆ ಬಿತ್ತು. ರಜೆಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮರವನ್ನೇ ತೆಗೆಸಬೇಕೆಂದು ತೀರ್ಮಾನವಾಗಿ, ಕೊಂಬೆ ಕತ್ತರಿಸಿ ಮರ ಸವರುವ ಕೆಲಸದ ಉದಯಕುಮಾರನಿಗೆ ಕರೆ ಹೋಯಿತು.

ಬಂದವನು ಬುಡದಲ್ಲಿ ನಿಂತು ಕೊಂಬೆಗಳನ್ನು ಒಂದೊಂದಾಗಿ ನೋಡಿದ. ಇಪ್ಪತ್ತು ವರ್ಷದ ಹಿಂದೆ ಈ ಮರವನ್ನು ಸವರಿದ್ದು ಅವನೇ. ಕೊಂಬೆಗಳನ್ನು ಕಾಂಡದ ಮಟ್ಟಕ್ಕೆ ನುಣ್ಣಗೆ ಕೊಯ್ದು, ಊರವರಿಂದ ಭೇಷ್ ಅನ್ನಿಸಿಕೊಂಡಿದ್ದ. ಅದು ತಪ್ಪೆಂದು ತಿಳಿದದ್ದು ಆಮೇಲೆ, ಅರೇಹಳ್ಳಿಯ ಕಾಫಿ ತೋಟಗಳಲ್ಲಿ ನೆರಳಿನ ಮರ ಸವರಲು ಹೋದಾಗ.

“ಕೊಂಬೆ ಬುಡದಲ್ಲಿ ಉಬ್ಬು ಐತಲ್ಲ, ಅದನ್ನ ಮುಟ್ಬ್ಯಾಡ ಕಣ್ಲಾ. ಅದ್ರಿಂದ್ಲೇ ಮರ ಗಾಯ ಮುಚ್ಕಳೋದು,” ಎಂದು ಅಲ್ಲಿಯ ಮೇಸ್ತ್ರಿ ಗದರಿದ್ದರು. ತೊಗಟೆ ಸೀಳದಂತೆ ಮೊದಲು ಕೆಳಗಿನಿಂದ ಗರಗಸ ಹಾಕುವುದನ್ನೂ ಅವರೇ ಕಲಿಸಿದ್ದರು.

ನೇರಳೆಯ ಹಳೆಯ ಗಾಯಗಳು ಮುಚ್ಚಿರಲಿಲ್ಲ. ಒಂದೊಂದೂ ಒಳಗೆ ಕೊಳೆತು ಕಪ್ಪು ಪೊಟರೆಯಾಗಿತ್ತು.

“ಒಂದು ದಿನ ಕೊಡಿ ಮೇಡಂ. ತುದಿ ಭಾರ ಇಳಿಸ್ತೀನಿ, ಉಳ್ಕತೈತೆ,” ಎಂದು ಮುಖ್ಯೋಪಾಧ್ಯಾಯಿನಿ ಹೇಮಲತಾ ಅವರಿಗೆ ಕೈ ಮುಗಿದ.

“ಇನ್ನೂರು ಮಕ್ಕಳಿದ್ದಾರೆ ಕಣ್ರೀ. ಬೀಳಲ್ಲ ಅಂತ ಬರೆದು ಕೊಡ್ತೀರಾ?”

ಉದಯಕುಮಾರ ಹಗ್ಗ ಕಟ್ಟಿಕೊಂಡು ಹತ್ತಿದ. ಮರದ ಸುತ್ತಿಗೆಯಿಂದ ಬಡಿದಲ್ಲೆಲ್ಲ ಟೊಳ್ಳು ಸದ್ದು. ಪೊಟರೆಯೊಳಗೆ ಕೈ ಹಾಕಿದರೆ ತೋಳು ಭುಜದವರೆಗೂ ಇಳಿಯಿತು. ಬೆರಳಿಗೆ ಸಿಕ್ಕಿದ್ದು ಒದ್ದೆ ಹುಡಿ. ಮೂಡಣ ಕಡೆಯ ಕೊಂಬೆಯೊಂದು ಮಾತ್ರ ಗಟ್ಟಿಯಾಗಿ ಕೇಳಿಸಿತು. ಅದಾದರೂ ಉಳಿಯಲಿ ಎಂದು ಅದರ ತುದಿಗಳನ್ನು ಹಗುರ ಮಾಡತೊಡಗಿದ. ಮೂರನೆಯ ರೆಂಬೆ ಬೀಳುವಾಗ ಕಾಂಡವೇ ಲಟಕ್ಕೆಂದು, ಅವನ ಕಾಲ ಕೆಳಗೆ ಬೆರಳಗಲ ಬಿರುಕು ಬಿಟ್ಟಿತು.

ಇಳಿದು ಬಂದು ಸೊಂಟದ ಹಗ್ಗ ಬಿಚ್ಚಿದ.

“ಕಡೀಲೇಬೇಕು ಮೇಡಂ. ಇದನ್ನ ಕೊಂದೋನು ನಾನೇ.” ನಡೆದದ್ದನ್ನೆಲ್ಲ ಹೇಳಿದ.

“ಆಗ ನಿಮಗೆ ಗೊತ್ತಿರಲಿಲ್ಲವಲ್ಲ,” ಎಂದರು ಹೇಮಲತಾ, ಮೆತ್ತಗೆ.

“ಅದು ಮರಕ್ಕೆ ಗೊತ್ತಾ ಮೇಡಂ?”

ಮೂರು ದಿನ ತುಂಡು ತುಂಡಾಗಿ ಇಳಿಸಿದ. ಕೂಲಿ ಬೇಡವೆಂದ. ಊಟಕ್ಕೂ ಕೂರಲಿಲ್ಲ. ಬುಡ ಕೊಯ್ದ ಸಂಜೆ ಬೈಕ್ ಹತ್ತಿದ. ಅದೇ ವರ್ಷ, ಅದೇ ರೀತಿ ಅವನೇ ಸವರಿದ ಮರಗಳು ಅರಸೀಕೆರೆಯ ಸುತ್ತ ಇನ್ನೂ ಎಂಟು ಇದ್ದವು.

ಮಾಲೇಕಲ್ಲಿನ ದಾರಿಯಲ್ಲಿದ್ದ ಮೊದಲನೆಯದರ ಕೆಳಗೆ ಯಾರೋ ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದರು. ಬೆಂಚಿನ ಮೇಲೆ ಒಂದು ಸಂಸಾರ ಲೋಟ ಹಿಡಿದು ಕೂತಿತ್ತು. ಉದಯಕುಮಾರ ತಲೆಯೆತ್ತಿ ಆ ಕಪ್ಪು ಪೊಟರೆಗಳನ್ನು ನೋಡಿದವನೇ ಬೈಕನ್ನು ಹಾಗೇ ಬೀಳಲು ಬಿಟ್ಟು ಓಡಿದ.

“ಏಳ್ರೀ! ಮಕ್ಕಳನ್ನ ಎತ್ಕಳ್ರೀ, ಆಚೆ ಬನ್ರೀ!”

ಅವರು ನಕ್ಕರು, ಕುಡಿದಿದ್ದಾನೆಂದುಕೊಂಡು.