ಎದುರುಮನೆ ಟೀಚರ್ ಮಾಡಿದ ಹಬ್ಬ

ಮೊನ್ನೆ ಕಲಾಸಿಪಾಳ್ಯಕ್ಕೆ ತರಕಾರಿಗೆಂದು ಹೋದವಳು ಒಂದು ಪಾತ್ರೆ ಅಂಗಡಿಯ ಮುಂದೆ ನಿಂತುಬಿಟ್ಟೆ. ಬಾಗಿಲಿಗೆ ಗುಲಾಬಿ ಅಚ್ಚುಗಳನ್ನು ಗೊಂಚಲು ಗೊಂಚಲಾಗಿ ನೇತುಹಾಕಿದ್ದರು. ಉದ್ದನೆಯ ಹಿಡಿ, ಅದರ ತುದಿಗೆ ಕಬ್ಬಿಣದ ಹೂವು. ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸಿದರೆ ಗರಿಗರಿಯಾದ ಹೂವು ಬಿಟ್ಟುಕೊಂಡು ತೇಲುತ್ತದೆ. ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಅದಕ್ಕೇ ಇಷ್ಟೊಂದು. ಅಂಗಡಿಯವನು "ಯಾವ್ದು ಕೊಡ್ಲಿ ಅಮ್ಮ?" ಎಂದ. ಏನೂ ಬೇಡವೆಂದು ಹೊರಟೆ. ಆಟೋದಲ್ಲಿ ಕೂತ ಮೇಲೂ ಟೀಚರ್ ನೆನಪು ಬಿಡಲಿಲ್ಲ…

ಚಾಮರಾಜಪೇಟೆಯಲ್ಲಿ ನಮ್ಮ ಎದುರುಮನೆಯಲ್ಲಿ ಎಂಟು ವರ್ಷ ಬಾಡಿಗೆಗಿದ್ದರು. ಗಂಡ ಹೆಂಡತಿ ಇಬ್ಬರೇ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಾದ್ದರಿಂದ ಇಡೀ ಬೀದಿಗೆ ಅವರು ಟೀಚರ್. ಪ್ರತಿ ಕ್ರಿಸ್‌ಮಸ್ ಬೆಳಿಗ್ಗೆ ಸ್ಟೀಲ್ ತಟ್ಟೆಯ ತುಂಬ ಗುಲಾಬಿ ಹೂವು ತರುತ್ತಿದ್ದರು. "ನಿಮ್ಮನೇದು ಮೊಟ್ಟೆ ಹಾಕದೇ ಮಾಡಿದ್ದು" ಎಂದು ಬಾಗಿಲಲ್ಲೇ ಹೇಳುತ್ತಿದ್ದರು. ನಮ್ಮ ಅತ್ತೆ ಮಡಿಯವರು, ಹೊರಗಿನದ್ದು ಮುಟ್ಟುವವರಲ್ಲ. ಆದರೂ ಅದನ್ನು ಮಾತ್ರ ತಿನ್ನುತ್ತಿದ್ದರು. ಖಾಲಿ ತಟ್ಟೆ ಹಿಂದಿರುಗಿಸಬಾರದೆಂದು ಇಟ್ಟುಕೊಂಡು, ಸಂಕ್ರಾಂತಿಯ ದಿನ ಅದರಲ್ಲೇ ಎಳ್ಳು ಬೆಲ್ಲ ಹಾಕಿ ಕಳಿಸುತ್ತಿದ್ದರು.

ಒಂದು ವರ್ಷ ಆಗಸ್ಟ್ ಕೊನೆಯಲ್ಲಿ ಟೀಚರ್ ಗಂಡ ಹೃದಯಾಘಾತವಾಗಿ ಹೋಗಿಬಿಟ್ಟರು. ಅದಾದ ತಿಂಗಳಿಗೆ ಟೀಚರ್‌ಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಿಗೆ ಕೂದಲೆಲ್ಲ ಉದುರಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಓಡಾಡುತ್ತಿದ್ದರು. ಅಯ್ಯೋ ಪಾಪ ಎನ್ನುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ಅವರ ವರಾಂಡದಲ್ಲಿ ಕಾಗದದ ನಕ್ಷತ್ರ ಕಂಡದ್ದೇ ತಡ, ನನ್ನ ಅನುಕಂಪವೆಲ್ಲ ಆರಿಹೋಯಿತು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ, ಕರಿದ ತಿಂಡಿ ಮಾಡುವುದಿಲ್ಲ. ನಮ್ಮಲ್ಲಿ ಅದು ಮಕ್ಕಳಿಗೂ ಗೊತ್ತು. ಅದು ಲೋಕಕ್ಕೆಲ್ಲ ಒಂದೇ ಕಾನೂನೆಂದು ನಾನು ತಿಳಿದಿದ್ದೆ. "ಗಂಡ ಹೋಗಿ ನಾಲ್ಕು ತಿಂಗಳು ತುಂಬಿಲ್ಲ, ನಕ್ಷತ್ರ ಕಟ್ಟಿದಾರೆ ನೋಡಿ" ಎಂದು ಪಕ್ಕದ ಮನೆಯವರ ಕಿವಿಗೆ ಹಾಕಿದವಳೂ ನಾನೇ.

ಕ್ರಿಸ್‌ಮಸ್ ಬೆಳಿಗ್ಗೆ ಟೀಚರ್ ಎಂದಿನಂತೆ ತಟ್ಟೆ ಹಿಡಿದು ಬಂದರು. ನಾಲ್ಕು ಮೆಟ್ಟಿಲು ಹತ್ತುವುದಕ್ಕೇ ಉಸಿರು ಸಾಲದೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಕೈ ಚಾಚಲಿಲ್ಲ.

"ಟೀಚರ್, ಈ ವರ್ಷ ನಿಮಗೆ ಹಬ್ಬ ಇಲ್ಲ ಅಲ್ವಾ? ನಾವು ತಗೊಳ್ಳೋ ಹಾಗಿಲ್ಲ. ಅತ್ತೆ ಒಪ್ಪಲ್ಲ."

ಅತ್ತೆ ಒಳಗೆ ದೇವರ ಮುಂದೆ ಕೂತಿದ್ದರು. ಅವರನ್ನು ನಾನು ಕೇಳಿಯೂ ಇರಲಿಲ್ಲ.

"ನಮ್ಮಲ್ಲಿ ಹಾಗಿಲ್ಲಮ್ಮ. ಇಂಥ ವರ್ಷಕ್ಕೇ ಈ ಹಬ್ಬ ಇರೋದು" ಎಂದು ಮೆಲ್ಲಗೆ ಹೇಳಿದ ಟೀಚರ್, ತಟ್ಟೆಯನ್ನು ಹಿಡಿದುಕೊಂಡೇ ಮೆಟ್ಟಿಲಿಳಿದರು. ನಾನು ಬಾಗಿಲು ಹಾಕಿಕೊಂಡೆ. ಸರಿಯಾದದ್ದನ್ನೇ ಮಾಡಿದೆನೆಂಬ ಸಮಾಧಾನವೂ ಇತ್ತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯೇ ಕೇಳಿದರು. "ಟೀಚರ್ ಇನ್ನೂ ಬರ್ಲಿಲ್ವೇನೇ?" ನಡೆದದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟರು.

"ನನಗೋಸ್ಕರ ಬೇರೆ ಬಾಣಲೆ ಇಟ್ಟಿದಾಳೆ ಕಣೇ ಆಕೆ. ಅದರಲ್ಲಿ ಇನ್ನೇನೂ ಕರಿಯಲ್ಲ. ಹುಷಾರಿಲ್ಲದ ಮೈಯಲ್ಲಿ ಒಲೆ ಮುಂದೆ ನಿಂತು ಮಾಡಿ ತಂದ್ರೆ… ನನ್ನ ಹೆಸರು ಯಾಕೆ ಹೇಳಿದೆ ನೀನು?"

ಮಡಿ ಹೆಂಗಸು ಅತ್ತೆ, ಡಿಗ್ರಿ ಓದಿ ಕಚೇರಿಗೆ ಹೋಗುತ್ತಿದ್ದವಳು ನಾನು.

ಅವರ ಬಲವಂತಕ್ಕೆ ಒಂದು ವಾರ ಬಿಟ್ಟು ತಿಳಿಸಾರು ತೆಗೆದುಕೊಂಡು ಹೋದೆ. ಬೀದಿ ದಾಟುವಷ್ಟರಲ್ಲಿ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಟೀಚರ್ ದಿಂಬಿಗೆ ಒರಗಿ ಮಲಗಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ, ಹುಲ್ಲು ಹಾಸಿ ಮಾಡಿದ ಪುಟ್ಟ ಕೊಟ್ಟಿಗೆಯಲ್ಲಿ ಮಣ್ಣಿನ ಮಗು ಇನ್ನೂ ಮಲಗಿತ್ತು. ಅದನ್ನು ನೋಡುತ್ತ ನನ್ನ ಬಾಯಿಂದ ಬಂದದ್ದು, "ಹಬ್ಬ ಮಾಡೋಕೆ ಹೇಗೆ ಮನಸ್ಸು ಬಂತು ಟೀಚರ್?" ಎಂಬ ಪ್ರಶ್ನೆ. ಆಕ್ಷೇಪ ಅದರಲ್ಲಿನ್ನೂ ಹಾಗೇ ಇತ್ತು.

"ಮನಸ್ಸು ಬರ್ಲಿಲ್ಲಮ್ಮ. ಅಳ್ತಾನೇ ಕಟ್ಟಿದೆ ನಕ್ಷತ್ರಾನ. ಆದ್ರೆ ದೇವರು ಅರಮನೇಲಿ ಹುಟ್ಟಲಿಲ್ವಲ್ಲ. ದನದ ಕೊಟ್ಟಿಗೇಲಿ, ಚಳೀಲಿ ಹುಟ್ಟಿದ. ಹೀಗಾಗಿರೋ ಮನೆಗೂ ಬರ್ತೀನಿ ಅಂದ ಹಾಗಲ್ವಾ ಅದು? ಬಂದಾಗ ಬಾಗಿಲು ತೆಗೀದೇ ಇರೋಕಾಗುತ್ತಾ?"

ನನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು. ಆದರೂ ನಾನು ತಲೆ ತಗ್ಗಿಸಿದೆ. ಅವರೇ ಮುಂದುವರಿದು, "ನಮ್ಮೆಜಮಾನ್ರನ್ನ ಮತ್ತೆ ನೋಡ್ತೀನಿ. ಅದು ಗೊತ್ತು ನನಗೆ. ಗೊತ್ತಿದ್ರೂ ಅಳು ಬರುತ್ತೆ, ಅಷ್ಟೆ" ಎಂದರು. ಆಮೇಲೆ ಎರಡು ಚಮಚ ಸಾರು ಕುಡಿದು ಚೆನ್ನಾಗಿದೆ ಎಂದರು. ಜೋಡಿಸಿಕೊಂಡು ಹೋಗಿದ್ದ ಮಾತನ್ನು ಆಡದೆಯೇ ಎದ್ದು ಬಂದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ…

ಮಾರ್ಚ್‌ನಲ್ಲಿ ಅವರ ತಂಗಿ ಬಂದು ತಮ್ಮ ಊರಿಗೆ ಕರೆದುಕೊಂಡು ಹೋದರು. ನಾನಾಗ ಕಚೇರಿಯಲ್ಲಿದ್ದೆ. ಮಳೆಗಾಲಕ್ಕೆ ಮುಂಚೆಯೇ ಟೀಚರ್ ಹೋದರೆಂದು ಆ ಮನೆಯ ಓನರ್ ಹೇಳಿದರು. ಎಲ್ಲಿ ಮಣ್ಣು ಮಾಡಿದರೆಂದು ನಾನು ಕೇಳಲಿಲ್ಲ.

ಅತ್ತೆ ಹೋಗಿಯೂ ಬಹಳ ವರ್ಷಗಳಾದವು. ಈ ಆಷಾಢದಲ್ಲಿ ನಮ್ಮ ಯಜಮಾನರು ಹೋದರು. ಗೌರಿ, ದಸರಾ, ದೀಪಾವಳಿ, ಒಂದೊಂದೇ ಹಬ್ಬ ನಮ್ಮ ಮನೆ ಬಿಟ್ಟು ಮುಂದಕ್ಕೆ ಹೋಯಿತು. ನಮ್ಮ ಪದ್ಧತಿ ತಪ್ಪೆಂದು ಹೇಳುತ್ತಿಲ್ಲ. ಆದರೆ ದೀಪಾವಳಿಯ ಸಂಜೆ ಒಬ್ಬಳೇ ಕೂತಿದ್ದಾಗ, ಇಂಥ ವರ್ಷಕ್ಕೆಂದೇ ಒಂದು ಹಬ್ಬವಿರುವುದು ಎಷ್ಟು ದೊಡ್ಡ ಆಸರೆ ಎಂದು ಹೊಳೆಯಿತು. ಟೀಚರ್‌ಗಿದ್ದ ಆ ಭರವಸೆಯಲ್ಲಿ ಒಂದು ಹಿಡಿ ನನಗೂ ಬೇಕೆನಿಸಿತು. ಬಾಗಿಲಿಗೆ ಬಂದದ್ದನ್ನು ಹಿಂದಕ್ಕೆ ಕಳಿಸಿದವಳು ಯಾವ ಮುಖವಿಟ್ಟುಕೊಂಡು ಕೇಳಲಿ?

ನಿನ್ನೆ ಬೆಳಿಗ್ಗೆ ಚರ್ಚಿಗೆ ಹೋದೆ. ತೀರಿಕೊಂಡವರ ಹೆಸರಿನಲ್ಲಿ ಅಲ್ಲಿ ಪೂಜೆ ಮಾಡಿಸುತ್ತಾರೆಂದು ಕೇಳಿದ್ದೆ. ಆಫೀಸಿನಲ್ಲಿದ್ದ ಹೆಂಗಸು ಪುಸ್ತಕ ತೆರೆದು, ಪೆನ್ನು ಹಿಡಿದು, "ತೀರಿಕೊಂಡವರ ಹೆಸರು ಹೇಳಿ ಅಮ್ಮ" ಎಂದರು.

ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಎದುರುಬದುರು ಇದ್ದು, ಅವರ ಮನೆಯ ನಕ್ಷತ್ರಕ್ಕೆ ತಪ್ಪು ಹುಡುಕಿದವಳು ಅವರ ಹೆಸರನ್ನು ಒಂದು ದಿನವೂ ಕೇಳಿರಲಿಲ್ಲ.

"ಟೀಚರ್ ಅಂತ ಬರ್ಕೊಳ್ಳಿ" ಎಂದೆ. ಆಕೆ ಒಮ್ಮೆ ತಲೆಯೆತ್ತಿ ನೋಡಿ, ಹಾಗೇ ಬರೆದುಕೊಂಡರು. ಪೂಜೆ ಮಾಡಿಸುವವರ ಹೆಸರು ಕೇಳಿದರು. ಟೀಚರ್ ಪಕ್ಕದಲ್ಲಿ ನನ್ನ ಹೆಸರು ಬರೆಸಲು ನಾಚಿಕೆಯಾಯಿತು. "ಎದುರುಮನೆಯವಳು" ಎಂದೆ.